ಸ್ಲೈಡ್ ಬಾಕ್ಸು: ಗಾಜು ಓಕೆ, ‘ತೊಳೆದಿದ್ದು’ ಅನ್ನೋದು ಸುಳ್ಳು (3 ಸ್ಟಾರ್)

ಕೋಲಾರದಲ್ಲಿ ಒಂದು ಸಣ್ಣ ಲ್ಯಾಬಲ್ಲಿ ಕೆಲ್ಸ ನಂದು, ಬ್ಲಡ್ ಸ್ಮಿಯರ್ ಎಳೆಯೋದು, ಅಂದ್ರೆ ಮೈಕ್ರೋಸ್ಕೋಪಲ್ಲಿ ನೋಡೋಕೆ ಗಾಜಿನ ಸ್ಲೈಡ್ ಮೇಲೆ ರಕ್ತದ ಹನಿ ತೆಳ್ಳಗೆ ಹರಡೋದು, ದಿನಾ ಇದ್ದಿದ್ದೇ. ನಾವು ಯಾವಾಗ್ಲೂ ತಗೊಳ್ಳೋ ಸ್ಲೈಡ್ ಸ್ಟಾಕಿಲ್ಲ ಅಂತ ಅಂಗಡಿಯವರು ಈ ಐವತ್ತರ ಬಾಕ್ಸ್ ನಾಲ್ಕು ಕೊಟ್ರು, ಕಂಪ್ನಿ ಹೆಸ್ರು ಬೇಡ ಬಿಡಿ. ಮೇಲೆ ದಪ್ಪಕ್ಷರದಲ್ಲಿ ತೊಳೆದಿದೆ, ನೇರವಾಗಿ ಬಳಸಿ ಅಂತ.

ನಂಬಿ ಹಾಗೇ ಎಳೆದೆ. ಸ್ಮಿಯರ್ ತುಂಬಾ ತೂತು! ಎಣ್ಣೆ ತಟ್ಟೆ ಮೇಲೆ ನೀರು ಚೆಲ್ಲಿದಂಗೆ ರಕ್ತ ಅಲ್ಲಲ್ಲಿ ಬಿಟ್ಕೊಂಡಿದೆ. ನಮ್ ಮೇಡಂ ಮೈಕ್ರೋಸ್ಕೋಪಿಂದ ತಲೆ ಎತ್ತಿ ‘ಏನಮ್ಮಾ, ಕೈ ನಡುಗ್ತಿದ್ಯಾ’ ಅಂದ್ರು, ಹನ್ನೊಂದು ವರ್ಷದ ಸರ್ವೀಸಿಗೆ ಈ ಮಾತು. ಆಮೇಲೆ ಹೊಸ ಸ್ಲೈಡ್ ಒಂದನ್ನ ಲೈಟಿಗೆ ಹಿಡಿದ್ರೆ ಜಿಡ್ಡು ಕಾಣ್ತಿದೆ. ಸ್ಪಿರಿಟ್ಟಲ್ಲಿ ಒರೆಸಿ, ಒಣಗಿಸಿ, ಅಂಚಲ್ಲೇ ಹಿಡಿದು ಎಳೆದೆ, ಅದೇ ರಕ್ತ ಅದೇ ಕೈ, ಒಂದು ತೂತಿಲ್ಲ.

ಮೆಚ್ಚಬೇಕಾದ್ದು ಅಂಚು. ಚೆನ್ನಾಗಿ ಉಜ್ಜಿದ್ದಾರೆ, ಸ್ಪ್ರೆಡರಿಗೆ, ಅಂದ್ರೆ ಹನಿ ತಳ್ಳಿ ಹರಡೋ ಇನ್ನೊಂದು ಸ್ಲೈಡಿಗೆ, ಇದೇ ಸಾಕು. ಅಂಚು ತರಿತರಿ ಇದ್ರೆ ಸ್ಮಿಯರಿನ ಬಾಲದಲ್ಲಿ, ಅಂದ್ರೆ ತೆಳು ತುದೀಲಿ, ಗೆರೆ ಬಿದ್ದು ಬಿಳಿ ಕಣ ಎಲ್ಲಾ ಅಲ್ಲೇ ಹೋಗಿ ಗುಂಪಾಗತ್ತೆ, ಕೌಂಟ್ ಎಕ್ಕುಟ್ಟೋಗತ್ತೆ. ಇದರಲ್ಲಿ ಸಣ್ಣ ಹನಿ ಇಟ್ಟು, ಸ್ಪ್ರೆಡರನ್ನ ಹಿಂದಕ್ಕೆ ತಂದು ಹನಿಗೆ ಮುಟ್ಟಿಸಿ, 30ರಿಂದ 45 ಡಿಗ್ರಿ ಓರೆಯಲ್ಲಿ ಒಂದೇ ದಮ್ಮಿಗೆ ತಳ್ಳಿದ್ರೆ ನಾಲಿಗೆ ತರ ನೀಟಾಗಿ ಬರತ್ತೆ. ರಕ್ತ ಕಮ್ಮಿ ಇರೋರದು ನೀರುನೀರಾಗಿರತ್ತಲ್ಲ, ಅದಕ್ಕೆ ಸ್ವಲ್ಪ ನೆಟ್ಟಗೆ ಹಿಡೀಬೇಕು, ಹಸುಗೂಸಿನ ಗಟ್ಟಿ ರಕ್ತಕ್ಕೆ ಇನ್ನೂ ಮಲಗಿಸ್ಬೇಕು. ಸ್ಪ್ರೆಡರ್ ಪ್ರತಿ ಸಲಾನೂ ಒರೆಸಿ, ಹಿಂದಿನ ಪೇಷೆಂಟಿನ ರಕ್ತ ಮುಂದಿನವರಿಗೆ ಹೋಗೋದು ಬೇಡ.

ಹೆಸ್ರು ಬರೆಯೋಕೆ ಮಸುಕು ಗಾಜಿನ ಜಾಗ ಇಲ್ಲ. ಮಾರ್ಕರಲ್ಲಿ ಬರೆದ್ರೆ ಸ್ಟೇನಲ್ಲಿ, ಅಂದ್ರೆ ಕಣಕ್ಕೆ ಬಣ್ಣ ಹಿಡಿಸೋ ದ್ರಾವಣದಲ್ಲಿ, ಇರೋ ಮೆಥನಾಲಿಗೆ ಅಳಿಸೋಗತ್ತೆ, ಅದಕ್ಕೆ ಒಣಗಿದ ಸ್ಮಿಯರಿನ ದಪ್ಪ ಭಾಗದಲ್ಲೇ ಪೆನ್ಸಿಲಲ್ಲಿ ನಂಬರ್ ಗೀಚ್ತೀನಿ.

ಇನ್ನೊಬ್ರು ರಿವ್ಯೂನಲ್ಲಿ ‘ಈ ಸ್ಲೈಡಲ್ಲಿ ಎಲ್ಲಾ ನೀಲಿ ನೀಲಿ’ ಅಂತ ಬೈದಿದ್ದಾರೆ. ಅದು ಗಾಜಿನ ತಪ್ಪಲ್ಲ ಸಾರ್, ನಿಮ್ ನೀರು ನೋಡ್ಕೊಳ್ಳಿ. ನಮ್ ಕಡೆ ಬೋರ್‌ವೆಲ್ ನೀರಿನ ಗಡಸು ಗೊತ್ತಲ್ಲ, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಜಾಸ್ತಿ ಇದ್ರೆ ಲೀಶ್ಮನ್ ಸ್ಟೇನ್ ನೀಲಿಗೇ ತಿರುಗತ್ತೆ. ಪಿಎಚ್ 6.8ರಲ್ಲೇ ನಿಲ್ಲಿಸೋ ಬಫರ್ ದ್ರಾವಣ ಹಾಕಿ. ಮತ್ತೆ ಸ್ಮಿಯರ್ ತೆರೆದಿಟ್ಟು ಊಟಕ್ಕೆ ಹೋಗ್ಬೇಡಿ, ನೊಣ ಕೂತು ನೆಕ್ಕಿಬಿಡತ್ತೆ, ಆಮೇಲೆ ಅದಕ್ಕೂ ಸ್ಲೈಡನ್ನೇ ಬೈತೀರ.

ಅಂಗಡಿಯವರಿಗೆ ಹೇಳ್ದೆ, ‘ಅಣ್ಣಾ, ಬಾಕ್ಸ್ ಜೊತೆ ಒಂದು ಬಾಟ್ಲು ಸ್ಪಿರಿಟ್ಟೂ ಫ್ರೀ ಕೊಡಿ.’ ನಕ್ಕು ಸುಮ್ನಾದ್ರು. ಇನ್ನೂ ಮೂರು ಬಾಕ್ಸ್ ಉಳಿದಿದೆ, ದಿನಾ ಬೆಳಿಗ್ಗೆ ಒರೆಸ್ತಾ ಕೂತ್ಕೊಂಡಿದ್ದೀನಿ.