ರಾಕ್ಸೋನ್ ಮಾತ್ರೆ: ಊಟದ ಜೊತೆ ನುಂಗಿದರಷ್ಟೇ ಫಲ

ಲೆಬರ್ ಆನುವಂಶಿಕ ದೃಷ್ಟಿನರ ರೋಗಕ್ಕೆ, ಅಂದರೆ ತಾಯಿಯಿಂದ ಬರುವ ಜೀನ್‌ನಿಂದ ಕಣ್ಣಿನ ನರ ಕೆಟ್ಟು ನೋಟ ಮಸುಕಾಗುವ ರೋಗಕ್ಕೆ, ಕೊಡುವ ಐಡೆಬೆನೋನ್ ಎಂಬ ಔಷಧದ ಬ್ರಾಂಡ್ ಇದು. ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಮಾತ್ರೆ 150 ಮಿಲಿಗ್ರಾಂ. ಹೊತ್ತಿಗೆ ಎರಡರಂತೆ ಮೂರು ಹೊತ್ತು, ದಿನಕ್ಕೆ 900.

ಬರಿಹೊಟ್ಟೆಯಲ್ಲಿ ನುಂಗಿದರೆ ದುಡ್ಡು ದಂಡ. ಊಟದ ಜೊತೆ ತಗೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಐದರಿಂದ ಏಳು ಪಟ್ಟು ಏರುತ್ತದೆ. ಬೆಳಿಗ್ಗೆ ಚಹಾದ ಮೇಲೆಯೇ ಮನೆ ಬಿಡುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು: ಮೊದಲು ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಮಾತ್ರೆ. ಮೂತ್ರ ಕೆಂಗಂದು ಆಗಬಹುದು. ಅದು ಔಷಧದ ಬಣ್ಣ, ಅಪಾಯವಲ್ಲ. ಆದರೆ ಮೂತ್ರದಲ್ಲಿ ನಿಜವಾಗಿ ರಕ್ತ ಬಂದರೂ ಗೊತ್ತಾಗದೇ ಹೋಗಬಹುದು, ಹಾಗಾಗಿ ಲ್ಯಾಬಿನವರಿಗೆ ಮಾತ್ರೆಯ ಹೆಸರು ಹೇಳಿ. ಕೆಲವರಿಗೆ ಸ್ವಲ್ಪ ಭೇದಿ, ಕೆಮ್ಮು, ಬೆನ್ನುನೋವು.

ಗುಣ ಎಷ್ಟು? 85 ಜನರ ಮೇಲೆ 24 ವಾರ ನಡೆದ ಪ್ರಯೋಗದಲ್ಲಿ ಮುಖ್ಯ ಅಳತೆಯಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಎರಡು ಕಣ್ಣಿನ ದೃಷ್ಟಿಯಲ್ಲಿ ಅಂತರವಿದ್ದವರಿಗೆ ಹೆಚ್ಚು ಲಾಭ ಕಂಡಿತು. ರೋಗ ಶುರುವಾಗಿ ವರ್ಷದೊಳಗಿದ್ದರೆ ತಡಮಾಡದೆ ಶುರುಮಾಡುವುದೇ ಸರಿ. ಕನಿಷ್ಠ ಒಂದು ವರ್ಷ ನುಂಗಿಯೇ ಫಲ ಅಳೆಯಬೇಕು, ಎರಡು ತಿಂಗಳಿಗೆ ಬಿಡುವುದು ತಪ್ಪು.

ಆದರೆ ರೋಗ ಅದೇ ಆಗಿರಬೇಕಲ್ಲ! ಹರೆಯದ ಹುಡುಗನಿಗೆ ನೋವಿಲ್ಲದೆ ಒಂದು ಕಣ್ಣಿನ ನೋಟದ ನಡುಭಾಗ ಮಸುಕಾಗುತ್ತದೆ, ವಾರಗಳಲ್ಲೋ ತಿಂಗಳಲ್ಲೋ ಇನ್ನೊಂದು. ಎದುರಿನವರ ಮುಖ ತಿಳಿಯದು, ಪಕ್ಕದ ಬಾಗಿಲು ಕಾಣುತ್ತದೆ. ಚಶ್ಮಾದ ನಂಬರ್ ಬದಲಿಸಿದರೆ ಉಪಯೋಗವಿಲ್ಲ. ದೃಷ್ಟಿನರದ ಉರಿಯೂತವೆಂದು ಸ್ಟೆರಾಯ್ಡ್ ಕೊಡುವುದೂ ಉಂಟು. ಉರಿಯೂತದಲ್ಲಿ ಸಾಮಾನ್ಯವಾಗಿ ಕಣ್ಣು ಹೊರಳಿಸಿದರೆ ನೋವಿರುತ್ತದೆ. ಕ್ಷಯಕ್ಕೆ ಎಥಾಂಬುಟಾಲ್ ನುಂಗುತ್ತಿದ್ದರೆ ಮೊದಲು ಅದನ್ನೇ ಶಂಕಿಸಿ, ಅದೇ ದಿನ ವೈದ್ಯರಿಗೆ ತಿಳಿಸಿ. ಓಸಿಟಿ (ಕಣ್ಣಿನ ಒಳಪದರಗಳ ಸ್ಕ್ಯಾನ್), ದೃಷ್ಟಿಕ್ಷೇತ್ರ ಪರೀಕ್ಷೆಯ ಜೊತೆಗೆ ರಕ್ತದಲ್ಲಿ 11778, 3460, 14484 ಎಂಬ ನಂಬರಿನ ಈ ಮೂರು ಜೀನ್ ಬದಲಾವಣೆ ನೋಡಿಸಬೇಕು. 14484 ಇದ್ದವರಲ್ಲಿ ದೃಷ್ಟಿ ತಾನಾಗಿ ಮರಳುವ ಸಾಧ್ಯತೆ ಹೆಚ್ಚು, ಆ ಗೆಲುವನ್ನೆಲ್ಲ ಮಾತ್ರೆಯ ಲೆಕ್ಕಕ್ಕೆ ಬರೆಯಬಾರದು. ಕಲಬುರಗಿಯವರಿಗೆ ನರ-ನೇತ್ರ ತಜ್ಞರ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಬೀಡಿ, ಸಿಗರೇಟು, ಸೆರೆ ಪೂರ್ತಿ ಬಿಡಬೇಕು. ಜೀನ್ ಇದ್ದೂ ಕಣ್ಣು ಚೆನ್ನಾಗಿರುವ ಸೋದರಮಾವನೂ ಬಿಡಬೇಕು. ಇದು ತಾಯಿಯಿಂದ ಮಾತ್ರ ದಾಟುವ ಜೀನ್, ಮಾವನಿಂದ ಅವನ ಮಕ್ಕಳಿಗೆ ಬರದು. ಮಾವ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ ಮಾತ್ರ ಆ ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಿ; ಅವರಿಗೆ ಅದು ತಾಯಿಯ ಕಡೆಯಿಂದ ಬಂದಿರುತ್ತದೆ.