ಪುಸ್ತಕ ಸ್ಕ್ಯಾನರ್‌ನ ತೊಟ್ಟಿಲಿಗೆ ಸಾಫ್ಟ್ ಕ್ಲೋಸ್ ಚಾನೆಲ್ ಹಾಕಿಸಬೇಡಿ

ಮನೆಯಲ್ಲೇ ಪುಸ್ತಕ ಸ್ಕ್ಯಾನರ್ ಮಾಡಿಸಲು ಹೊರಟವರು ಕ್ಯಾಮೆರಾ ಯಾವುದು, ಲೈಟ್ ಯಾವುದು ಎಂದು ತಿಂಗಳುಗಟ್ಟಲೆ ಹುಡುಕುತ್ತಾರೆ. ಪುಸ್ತಕ ಇಡುವ ತೊಟ್ಟಿಲ ಕೆಳಗೆ ಯಾವ ಚಾನೆಲ್, ಅಂದರೆ ಡ್ರಾಯರ್ ಓಡುವಂಥ ಹಳಿ, ಹಾಕಬೇಕು ಎಂದು ಕೇಳುವವರು ಕಡಿಮೆ. ನಮ್ಮ ಮನೆಯ ಹಳೇ ಯಕ್ಷಗಾನ ಪ್ರಸಂಗಗಳ ಒಂದು ದಪ್ಪ ಕಟ್ಟು ನಡುವೆ ಸೀಳಿಹೋಗಿದ್ದು ಆ ಚಾನೆಲ್‌ನಿಂದಲೇ. ಕ್ಯಾಮೆರಾ ಸರಿಯಿಲ್ಲದಿದ್ದರೆ ಫೋಟೊ ಹಾಳು, ಇನ್ನೊಮ್ಮೆ ತೆಗೆಯಬಹುದು. ಚಾನೆಲ್ ಸರಿಯಿಲ್ಲದಿದ್ದರೆ ಪುಸ್ತಕವೇ ಹಾಳು.

ಮೊದಲು ಯಂತ್ರದ ವಿಷಯ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಹಲಗೆಗಳನ್ನು 90 ಡಿಗ್ರಿ ಅಥವಾ ಸ್ವಲ್ಪ ಜಾಸ್ತಿ ಕೋನದಲ್ಲಿ ಜೋಡಿಸಿರುತ್ತಾರೆ. ಅದೇ ತೊಟ್ಟಿಲು. ಪುಸ್ತಕವನ್ನು ಅದರಲ್ಲಿ ಅರ್ಧ ತೆರೆದು ಇಡುವುದು. ಪೂರ್ತಿ ಬಿಡಿಸಬೇಕಿಲ್ಲ, ಹಾಗಾಗಿ ಹಳೇ ಬೈಂಡಿಂಗ್ ಉಳಿಯುತ್ತದೆ. ಮೇಲಿನಿಂದ ಅದೇ ಕೋನದ ಗಾಜು ಇಳಿದು ಎರಡೂ ಪುಟಗಳನ್ನು ಸಪಾಟು ಮಾಡುತ್ತದೆ. ಎರಡು ಕ್ಯಾಮೆರಾಗಳು ಒಂದೊಂದು ಪುಟದ ಫೋಟೊ ತೆಗೆಯುತ್ತವೆ. ಗಾಜು ಎತ್ತಿ, ಹಾಳೆ ತಿರುಗಿಸಿ, ಮತ್ತೆ ಇಳಿಸಿ. ಆನ್‌ಲೈನ್ ಗ್ರಂಥಾಲಯ ಇಂಟರ್ನೆಟ್ ಆರ್ಕೈವ್‌ನ ಸ್ಕ್ರೈಬ್ ಯಂತ್ರದ್ದೂ ಇದೇ ತತ್ವ, ಅಲ್ಲಿ ಗಾಜನ್ನು ಕಾಲಿನ ಪೆಡಲ್‌ನಿಂದ ಎತ್ತುತ್ತಾರೆ. 2009ರಲ್ಲಿ ಅಮೆರಿಕದ ಡೇನಿಯಲ್ ರೀಟ್ಜ್ ಗುಜರಿ ಸಾಮಾನು ಮತ್ತು ಅಗ್ಗದ ಕ್ಯಾಮೆರಾಗಳಿಂದ ಇಂಥದ್ದನ್ನು ಮಾಡುವ ವಿಧಾನ ಪ್ರಕಟಿಸಿದ ಮೇಲೆ ಜಗತ್ತಿನ ಎಲ್ಲೆಡೆ ಜನ ತಮ್ಮ ಮನೆಯಲ್ಲಿ ಮಾಡತೊಡಗಿದರು. ಇವುಗಳಲ್ಲಿ ಎಷ್ಟೋ ಡ್ರಾಯರ್ ಚಾನೆಲ್ ಮೇಲೆಯೇ ಓಡುತ್ತವೆ. ಸಿಗುವುದು ಸುಲಭ, ಬೆಲೆ ಕಡಿಮೆ.

ಈಗ ನೋಡಿ. ಪುಸ್ತಕದ ಮೊದಲ ಪುಟ ತೆರೆದಾಗ ಎಡಗಡೆ ಬರೀ ರಟ್ಟು, ಬಲಗಡೆ ಇಡೀ ಪುಸ್ತಕ. ಕೊನೆಗೆ ಬಂದಾಗ ಉಲ್ಟಾ. ಪುಟ ತಿರುಗಿಸುತ್ತಾ ಹೋದಂತೆ ಎರಡು ಪುಟ ಕೂಡುವ ಗೆರೆ ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿಯುತ್ತದೆ. ಆದರೆ ಗಾಜಿನ ಮೂಗು, ಅಂದರೆ ಎರಡು ಗಾಜು ಕೂಡುವ ಕೆಳಗಿನ ಅಂಚು, ಇಳಿಯುವುದು ಒಂದೇ ಜಾಗಕ್ಕೆ. ಹಾಗಾಗಿ ತೊಟ್ಟಿಲು ಎಡಕ್ಕೆ ಸರಿದುಕೊಳ್ಳಲೇಬೇಕು. 90 ಡಿಗ್ರಿ ತೊಟ್ಟಿಲಲ್ಲಿ ಮೊದಲಿನಿಂದ ಕೊನೆಯವರೆಗೆ ಅದು ಸರಿಯಬೇಕಾದ ದೂರ ಪುಸ್ತಕದ ದಪ್ಪದ ಸುಮಾರು 1.4 ಪಟ್ಟು. 2.5 ಸೆಂ.ಮೀ. ದಪ್ಪದ ಪುಸ್ತಕಕ್ಕೆ 3.5 ಸೆಂ.ಮೀ. 5 ಸೆಂ.ಮೀ. ದಪ್ಪದ ನಿಘಂಟಿಗೂ 7 ಸೆಂ.ಮೀ. ಸಾಕು. ಒಂದು ಗೇಣು ಕೂಡ ಬೇಡ.

ಇದನ್ನು ಸರಿಸುವುದು ಯಾರು? ಮೋಟಾರ್ ಇಲ್ಲ. ಇಳಿದು ಬಂದ ಗಾಜು ಪುಟವನ್ನು ಒತ್ತುತ್ತದೆ, ಪುಟ ಪುಸ್ತಕವನ್ನು ತಳ್ಳುತ್ತದೆ, ಪುಸ್ತಕ ತೊಟ್ಟಿಲನ್ನು ತಳ್ಳುತ್ತದೆ. ಚಾನೆಲ್ ಎಷ್ಟು ಬಿಗಿಯೋ ಅಷ್ಟೂ ಭಾರ ಕಾಗದದ ಮೇಲೆ. ಅಂಚು ಮುಟ್ಟಿದರೆ ಪುಡಿಯಾಗುವ ಕಾಗದ, ತುಕ್ಕು ಹಿಡಿದ ಪಿನ್ನು ಇರುವ ಪುಸ್ತಕವಾದರೆ ಏನಾಗಬಹುದು ಎಂದು ನೀವೇ ಊಹಿಸಿ.

ನಾನು ಇದನ್ನು ಮಾಡಿಸಿದ್ದು ಕರಾವಳಿಯ ಒಂದು ಫರ್ನಿಚರ್ ವರ್ಕ್‌ಶಾಪ್‌ನಲ್ಲಿ. ಹೆಸರು ಬೇಡ. ತೊಟ್ಟಿಲು ಎರಡೂ ಕಡೆ ಸಲೀಸಾಗಿ ಓಡಬೇಕು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು ಎಂದು ಡ್ರಾಯಿಂಗ್ ಮೇಲೆ ಬರೆದೇ ಕೊಟ್ಟಿದ್ದೆ. ತರಲು ಹೋದಾಗ ಕೆಳಗೆ ಹೊಳೆಯುವ ಸಾಫ್ಟ್ ಕ್ಲೋಸ್ ಚಾನೆಲ್ ಇತ್ತು. ಕೇಳಿದರೆ, "ಮಾರಾಯ್ರೆ, ನಿಮಗೆ ಒಳ್ಳೇದೇ ಹಾಕಿದ್ದೇನೆ. ಒಂದು ಬೆರಳಲ್ಲಿ ತಳ್ಳಿ ನೋಡಿ" ಅಂದರು. ತಳ್ಳಿದೆ. ನಿಜವಾಗಿಯೂ ಬೆಣ್ಣೆಯ ಹಾಗೆ ಹೋಯಿತು. ಅದಕ್ಕೆ ಬಿಲ್‌ನಲ್ಲಿ ಜಾಸ್ತಿ ದುಡ್ಡೂ ಸೇರಿತ್ತು.

ಸಾಫ್ಟ್ ಕ್ಲೋಸ್ ಅಂದರೆ ಏನು? ಚಾನೆಲ್ ಮುಚ್ಚಲು ಕೊನೆಯ ಕೆಲವು ಸೆಂ.ಮೀ. ಇರುವಾಗ ಒಳಗಿನ ಸ್ಪ್ರಿಂಗ್ ಡ್ರಾಯರನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಜೊತೆಗಿರುವ ಡ್ಯಾಂಪರ್ ಆ ಎಳೆತವನ್ನು ನಿಧಾನ ಮಾಡುತ್ತದೆ. ಪಾತ್ರೆ ತುಂಬಿದ ಡ್ರಾಯರ್ ಎಳೆಯಲು ಮಾಡಿದ ಸ್ಪ್ರಿಂಗ್ ಅದು. ಅಲ್ಲಿಂದ ವಾಪಸ್ ತೆಗೆಯಬೇಕಾದರೆ ಮತ್ತೆ ಆ ಸ್ಪ್ರಿಂಗ್ ಎಳೆದು ಕೂರಿಸುವಷ್ಟು ಬಲ ಬೇಕು.

ನನ್ನ ತೊಟ್ಟಿಲಲ್ಲಿ ಚಾನೆಲ್ ಪೂರ್ತಿ ಮುಚ್ಚುವ ಜಾಗ ಎಡ ತುದಿಗೆ ಬಂದಿತ್ತು. ಪುಸ್ತಕದ ಮೊದಲ ಅರ್ಧ ಏನೂ ತೊಂದರೆ ಇಲ್ಲ. ಅರ್ಧ ದಾಟಿ ತೊಟ್ಟಿಲು ಎಡ ತುದಿಯ ಹತ್ತಿರ ಬಂದ ಮೇಲೆ ಸ್ಪ್ರಿಂಗ್ ಅದನ್ನು ಹಿಡಿದುಕೊಂಡಿತು. ನಾನು ಹಾಳೆ ತಿರುಗಿಸುತ್ತಿದ್ದಾಗ ತೊಟ್ಟಿಲು ತಾನಾಗಿಯೇ ಎಡಕ್ಕೆ ಹೋಗಿ ಕುಳಿತಿತ್ತು, ಸದ್ದಿಲ್ಲದೆ. ಸದ್ದಾಗಿದ್ದರೆ ಗೊತ್ತಾಗುತ್ತಿತ್ತು! ಗಾಜು ಇಳಿಯಿತು. ಅದರ ಮೂಗು ಸಂದಿಗೆ ಬೀಳುವ ಬದಲು ಬಲಪುಟದ ಮೇಲೆ ಬಿತ್ತು. ಪುಟ ಸಂದಿಯ ಉದ್ದಕ್ಕೂ ಬಿರುಕು ಬಿಟ್ಟಿತು, ಹಿಂದಿದ್ದ ಹಾಳೆಗಳೂ ಜೊತೆಗೆ ಸೀಳಿದವು. ಬದಲಾಯಿಸಿ ಕೊಡಿ ಎಂದು ಕೇಳಿದರೆ, ಹೊಸ ಚಾನೆಲ್‌ಗೆ ಬೇರೆ ದುಡ್ಡು, ಬಿಚ್ಚುವ ಕೂಲಿ ಬೇರೆ ಅಂದರು. ಡ್ರಾಯಿಂಗ್ ತೋರಿಸಿದೆ. "ಎಲ್ಲರೂ ಇದನ್ನೇ ಕೇಳ್ತಾರೆ ಸರ್" ಎಂಬ ಉತ್ತರ ಬಂತು. ಅಡುಗೆಮನೆಗೆ ಕೇಳುತ್ತಾರೆ, ಸರಿ.

ಹಾಗಾದರೆ ಸ್ಪ್ರಿಂಗ್ ಇಲ್ಲದ ಮಾಮೂಲಿ ಟೆಲಿಸ್ಕೋಪಿಕ್ ಚಾನೆಲ್ ಹಾಕಬಹುದಲ್ವಾ? ಹಾಕಬಹುದು, ಆದರೆ ಅದರಲ್ಲೂ ಕಿರಿಕಿರಿ ಇದೆ. ಪೂರ್ತಿ ಮುಚ್ಚಿದಾಗ ಡ್ರಾಯರ್ ತಾನಾಗಿ ತೆರೆದುಕೊಳ್ಳದಿರಲಿ ಎಂದು ಕೊನೆಯಲ್ಲಿ ಒಂದು ಸಣ್ಣ ಹಿಡಿತ ಇಟ್ಟಿರುತ್ತಾರೆ. ಆ ಜಾಗ ತೊಟ್ಟಿಲಿನ ಓಡಾಟದೊಳಗೆ ಬರಲೇಬಾರದು. ಚಾನೆಲ್ ಅರ್ಧ ತೆರೆದಿರುವಾಗ ತೊಟ್ಟಿಲು ನಡುವೆ ಇರುವಂತೆ ಕೂರಿಸಬೇಕು. ಬಡಗಿಗೆ ಇದು ವಿಚಿತ್ರ ಅನ್ನಿಸುತ್ತದೆ, ಒತ್ತಾಯ ಮಾಡಿ ಹೇಳಿ.

ಇನ್ನೊಂದು ರೋಗ ನಿಧಾನಕ್ಕೆ ಕಾಣಿಸುತ್ತದೆ. ಚಾನೆಲ್ ಒಳಗಿನ ಗುಂಡುಗಳು ಒಂದು ತಗಡಿನ ಪಟ್ಟಿಯಲ್ಲಿ ಸಾಲಾಗಿ ಕೂತಿರುತ್ತವೆ. ಚಾನೆಲ್ ಓಡಿದ ದೂರದ ಅರ್ಧದಷ್ಟು ಈ ಪಟ್ಟಿಯೂ ಓಡಬೇಕು. ಸಣ್ಣ ದೂರಕ್ಕೆ ಅತ್ತಿತ್ತ ಆಡಿಸುತ್ತಲೇ ಇದ್ದರೆ ಪಟ್ಟಿ ಪ್ರತಿ ಸಲ ಒಂಚೂರು ಜಾರಿ ಒಂದು ಕಡೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಚಾನೆಲ್ ತುದಿ ತಲುಪುವ ಮೊದಲೇ ಗಟ್ಟಿಯಾಗಿ ನಿಲ್ಲುತ್ತದೆ. ಮನೆಯ ಡ್ರಾಯರ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅದನ್ನು ದಿನಾ ಪೂರ್ತಿ ಮುಚ್ಚುತ್ತೇವೆ, ಪಟ್ಟಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸ್ಕ್ಯಾನರ್‌ನಲ್ಲಿ ಪೂರ್ತಿ ಮುಚ್ಚುವುದೇ ಇಲ್ಲವಲ್ಲ. ಚಾನೆಲ್ ಹಾಕಿಯೇ ತೀರುತ್ತೇನೆ ಅನ್ನುವವರು ಹೊಸ ಪುಸ್ತಕ ಇಡುವ ಮೊದಲು ಖಾಲಿ ತೊಟ್ಟಿಲನ್ನು ಎರಡೂ ತುದಿಗೆ ಒಮ್ಮೆ ಪೂರ್ತಿ ಎಳೆದು ಬಿಡಿ.

ಚಾನೆಲನ್ನು ಮಲಗಿಸಿ ಹಾಕುವುದೂ ಬೇಡ. ಪ್ಯಾಕೆಟ್ ಮೇಲೆ 35 ಕಿಲೋ, 45 ಕಿಲೋ ಎಂದು ಬರೆದಿರುವುದು ಡ್ರಾಯರ್‌ನ ಪಕ್ಕದಲ್ಲಿ ನಿಲ್ಲಿಸಿ ಹಾಕಿದ ಒಂದು ಜೋಡಿಗೆ. ಚಪ್ಪಟೆಯಾಗಿ ಮಲಗಿಸಿದರೆ ತಡೆಯುವ ಭಾರ ಬಹಳ ಇಳಿಯುತ್ತದೆ, ಅಲುಗಾಟ ಜಾಸ್ತಿಯಾಗುತ್ತದೆ. ತೊಟ್ಟಿಲು ಒಂದೊಂದು ಪುಟಕ್ಕೆ ಒಂದೊಂದು ಕಡೆ ವಾಲಿದರೆ ಫೋಟೊಗಳೂ ವಾಲುತ್ತವೆ. ಒಂದು ಪುಟಕ್ಕೆ ಅಳತೆ ಹಾಕಿ ಉಳಿದದ್ದನ್ನೆಲ್ಲ ಹಾಗೆಯೇ ಕತ್ತರಿಸುವ ಸುಖ ಹೋಯಿತು, ಸ್ಕ್ಯಾನ್ ಪುಟಗಳನ್ನು ತಿದ್ದುವ ಸಾಫ್ಟ್‌ವೇರ್ ಸ್ಕ್ಯಾನ್ ಟೇಲರ್‌ನಲ್ಲಿ ಪುಟ ಪುಟವೂ ತಿದ್ದಬೇಕು.

ಗಾಜಿನ ಕಡೆ ಬೇರೆಯದೇ ಕಥೆ. 30 ಸೆಂ.ಮೀ.ಗೆ 40 ಸೆಂ.ಮೀ. ಅಳತೆಯ 4 ಮಿ.ಮೀ. ಗಾಜು ಒಂದಕ್ಕೆ 1.2 ಕಿಲೋ. ಎರಡು ಗಾಜು, ಫ್ರೇಮ್, ಹಿಡಿ ಎಲ್ಲ ಸೇರಿದರೆ ಕಾಗದದ ಮೇಲೆ ಹಾಗೇ ಬಿಡುವ ಭಾರವಲ್ಲ. ರಾಟೆ ಹಾಕಿ ಹಿಂದುಗಡೆ ಎದುರು ತೂಕ ಕಟ್ಟಲೇಬೇಕು. ಅಕ್ರಿಲಿಕ್ ಶೀಟ್ ಇದರ ಅರ್ಧದಷ್ಟೂ ತೂಗುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ, ಒಣ ಹವೆಯಲ್ಲಿ ಹಾಳೆ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಮೇಲೆ ಕೆಳಗೆ ಓಡುವ ಕಡೆ ಎರಡೂ ಬದಿಗೆ ಚಾನೆಲ್ ಹಾಕಿ ಒಂದೇ ಬದಿಯ ಹಿಡಿಯಿಂದ ಎತ್ತಿದರೆ ಫ್ರೇಮ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಎತ್ತುವ ಜಾಗ ಹಳಿಯಿಂದ ಎಷ್ಟು ದೂರವೋ ಅದರ ಅರ್ಧಕ್ಕಿಂತ ಜಾಸ್ತಿ ಅಂತರ ಮೇಲಿನ ಮತ್ತು ಕೆಳಗಿನ ಬೇರಿಂಗ್‌ಗಳ ನಡುವೆ ಇರಬೇಕು. ಇಲ್ಲದಿದ್ದರೆ ಫ್ರೇಮ್ ಸಿಕ್ಕುವ ಸಾಧ್ಯತೆ ಜಾಸ್ತಿ. ಸಿಕ್ಕಿಕೊಂಡ ಗಾಜು ತಟ್ಟನೆ ಬಿಟ್ಟುಕೊಂಡಾಗ ಕೆಳಗೆ ಇರುವುದು ನಿಮ್ಮ ಕೈ.

ದುಡ್ಡು ಜಾಸ್ತಿ ಹಾಕಿ 3ಡಿ ಪ್ರಿಂಟರ್ ಸಾಮಾನು ತರೋಣ ಅನ್ನುವವರಿಗೆ ಎರಡು ಮಾತು. ಎಲ್‌ಎಂ8ಯುಯು ಬೇರಿಂಗ್, ಅಂದರೆ ಒಳಗೆ ಗುಂಡುಗಳಿರುವ ಸಣ್ಣ ಕೊಳವೆ, ಓಡಬೇಕಾದದ್ದು ಗಟ್ಟಿ ಮಾಡಿದ 8 ಮಿ.ಮೀ. ಶಾಫ್ಟ್ ಮೇಲೆ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಸರಳು ಹಾಕಿದರೆ ಗುಂಡುಗಳು ಅದರಲ್ಲಿ ಗೀರು ಕೊರೆಯುತ್ತವೆ. 8 ಮಿ.ಮೀ. ಸರಳು ಅರ್ಧ ಮೀಟರ್ ಉದ್ದಕ್ಕೆ ಬಗ್ಗುತ್ತದೆ ಕೂಡ. ಎರಡು ಸರಳುಗಳ ನಡುವೆ 5 ಕಿಲೋ ಹೇರಿದರೆ ಲೆಕ್ಕದ ಪ್ರಕಾರ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ತಗ್ಗುತ್ತದೆ. 12 ಮಿ.ಮೀ. ಸರಳು ಅದರ ಐದು ಪಟ್ಟು ಗಟ್ಟಿ. ಎಂಜಿಎನ್12 ಎಂಬ ಸಪೂರ ಉಕ್ಕಿನ ಹಳಿ ಚೆನ್ನಾಗಿದೆ, ಆದರೆ ಪ್ಲೈವುಡ್ ಮೇಲೆ ಅದು ವ್ಯರ್ಥ. ಎರಡು ಹಳಿ ಕೂದಲೆಳೆಯಷ್ಟು ಓರೆಯಾದರೂ ಬಿಗಿಯುತ್ತದೆ, ನಮ್ಮ ಕಡೆಯ ಮಳೆಗಾಲದಲ್ಲಿ ಪ್ಲೈವುಡ್ ಸುಮ್ನೆ ಕೂರುವುದಿಲ್ಲ. ಅದರ ಮೇಲೆ ಓಡುವ ಕ್ಯಾರೇಜ್ ಅಗ್ಗದ್ದಾದರೆ ಹಳಿಯಿಂದ ಹೊರಗೆ ಜಾರಿಸಬೇಡಿ, ಗುಂಡುಗಳು ನೆಲದ ತುಂಬ ಉರುಳುತ್ತವೆ.

ಈಗ ನನ್ನ ತೊಟ್ಟಿಲು ಓಡುತ್ತಿರುವುದು 608 ಬೇರಿಂಗ್ ಮೇಲೆ. ಸ್ಕೇಟಿಂಗ್ ಚಕ್ರದೊಳಗೆ ಇರುವುದೇ ಇದು. 8 ಮಿ.ಮೀ. ತೂತು, 22 ಮಿ.ಮೀ. ಹೊರ ಅಳತೆ, ಎಲ್ಲ ಕಡೆ ಸಿಗುತ್ತದೆ. ಮುಂದಿನ ಬದಿಗೆ ಅಲ್ಯೂಮಿನಿಯಂ ಆಂಗಲ್ ಒಂದನ್ನು ಏಣು ಮೇಲೆ ಮಾಡಿ ಕೂರಿಸಿ, ಅದರ ಎರಡೂ ಇಳಿಜಾರಿಗೆ ಒಂದೊಂದು ಬೇರಿಂಗ್ ಓರೆಯಾಗಿ ಕೂರುವಂತೆ ಎರಡು ಜೋಡಿ. ಹಿಂದಿನ ಬದಿಗೆ ಬರೀ ಚಪ್ಪಟೆ ಪಟ್ಟಿ, ಅದರ ಮೇಲೆ ಉರುಳುವ ಒಂದೇ ಬೇರಿಂಗ್. ದಾರಿ ತೋರಿಸುವುದು ಮುಂದಿನ ಆಂಗಲ್ ಮಾತ್ರ, ಹಿಂದಿನದು ಭಾರ ಹೊರುತ್ತದೆ ಅಷ್ಟೇ. ಹಾಗಾಗಿ ಹಲಗೆ ಸ್ವಲ್ಪ ಉಬ್ಬಿದರೂ ಸೊಟ್ಟಗಾದರೂ ಬಿಗಿಯುವುದಿಲ್ಲ. ನೋಡಲು ಚೆಂದ ಇಲ್ಲ. ತೊಟ್ಟಿಲು ಎತ್ತಿದರೆ ಕೈಗೇ ಬರುತ್ತದೆ, ಅದಕ್ಕೆ ಎರಡೂ ಕಡೆ ಮೊಳೆ ಹೊಡೆದು ತಡೆ ಇಟ್ಟಿದ್ದೇನೆ. ಇಡೀ ಸ್ಟ್ಯಾಂಡ್ ಮಟ್ಟವಾಗಿ ಇರಬೇಕು, ಇಲ್ಲದಿದ್ದರೆ ತಗ್ಗಿನ ಕಡೆಗೆ ಉರುಳುತ್ತದೆ.

ಯಾವ ವ್ಯವಸ್ಥೆ ಆರಿಸಿದರೂ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಖಾಲಿ ತೊಟ್ಟಿಲನ್ನು ಬೆರಳಲ್ಲಿ ತಳ್ಳಿ ಏನೂ ತಿಳಿಯುವುದಿಲ್ಲ. ಒಂದು ದಪ್ಪ ಪುಸ್ತಕ ತೆಗೆದುಕೊಂಡು ಹೋಗಿ ಅದರಲ್ಲಿ ಇಡಿ. ಹಳೇ ನ್ಯೂಸ್‌ಪೇಪರ್‌ನಿಂದ ಅರ್ಧ ಇಂಚು ಅಗಲದ ಪಟ್ಟಿ ಹರಿದು ತೊಟ್ಟಿಲಿಗೆ ಟೇಪ್‌ನಲ್ಲಿ ಅಂಟಿಸಿ. ಆ ಪಟ್ಟಿ ಹಿಡಿದು ತೊಟ್ಟಿಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಎಳೆಯಿರಿ. ಎಲ್ಲಾದರೂ ಪಟ್ಟಿ ಹರಿದರೆ ಆ ಸ್ಟ್ಯಾಂಡ್ ತರಬೇಡಿ. ನಡುವೆ ನಾಲ್ಕಾರು ಕಡೆ ಕೈಬಿಟ್ಟು ನೋಡಿ, ಬಿಟ್ಟಲ್ಲೇ ನಿಲ್ಲಬೇಕು.

ಚಾನೆಲ್ ತಂದವರು ಅದರ ಗ್ರೀಸ್ ಹಾಗೇ ಬಿಡಬೇಡಿ. ಹಳೇ ಪುಸ್ತಕದಿಂದ ಉದುರುವ ಪುಡಿ ಅದರಲ್ಲಿ ಸೇರಿ ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಿಟ್ಟು, ಚೆನ್ನಾಗಿ ಒರೆಸಿ. ಆಮೇಲೆ ಕೈ ತೊಳೆದುಕೊಂಡೇ ಪುಸ್ತಕ ಮುಟ್ಟಿ.