ಸೈಟಿಗೆ ಯಾವ ಶೆಡ್ಯೂಲ್: ಎಕ್ಸೆಲ್, ಎಂಎಸ್ ಪ್ರಾಜೆಕ್ಟ್, ಇಲ್ಲಾ ಗೋಡೆಯ ಬೋರ್ಡಾ?

ಪುಣೆಯ ವಾಕಡ್‌ನಲ್ಲಿ ಒಂದು ವಸತಿ ಕಟ್ಟಡದ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಮೂರನ್ನೂ ಇದೇ ಸೈಟಿನಲ್ಲಿ ಬಳಸಿ ನೋಡಿದ್ದೇನೆ.

ಪ್ರತಿ ಕೆಲಸಕ್ಕೂ ಒಂದೊಂದು ಅಡ್ಡ ಪಟ್ಟಿ ಎಳೆದ ಎಕ್ಸೆಲ್ ಬಾರ್ ಚಾರ್ಟ್ ಮಾಲೀಕರಿಗೆ ತೋರಿಸಲು ಚೆನ್ನ, ಅಷ್ಟೇ. ಸ್ಟೀಲ್ ತಡವಾಗಿ ಬಂದರೆ ಮುಂದಿನ ಪಟ್ಟಿಗಳನ್ನೆಲ್ಲ ನಾವೇ ಕೂತು ಸರಿಸಬೇಕು.

ಎಂಎಸ್ ಪ್ರಾಜೆಕ್ಟ್ ಅನ್ನುವ ಮೈಕ್ರೋಸಾಫ್ಟಿನ ಶೆಡ್ಯೂಲ್ ಸಾಫ್ಟ್‌ವೇರ್‌ನಲ್ಲಿ ಅವು ತಾವಾಗಿಯೇ ಸರಿಯುತ್ತವೆ. ಅದರ ಬೆನ್ನೆಲುಬು ಕ್ರಿಟಿಕಲ್ ಪಾತ್, ಅಂದರೆ ಒಂದು ದಿನ ತಡವಾದರೂ ಇಡೀ ಕಟ್ಟಡವನ್ನೇ ತಡ ಮಾಡುವ ಕೆಲಸಗಳ ಸಾಲು. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯಲ್ಲಿ ಬೆಳೆದ ಲೆಕ್ಕ ಇದು. ನಮ್ಮಲ್ಲಿ ಎಲ್ಲರಿಗೂ ಟೈಲ್ಸ್ ಚಿಂತೆ. ಲೆಕ್ಕ ಹಾಕಿದರೆ ಟೈಲ್ಸ್‌ಗೆ ಬೇಕಾದಷ್ಟು ಸಮಯವಿತ್ತು, ಲಿಫ್ಟ್ ಆರ್ಡರಿಗೆ ಮಾತ್ರ ಒಂದು ದಿನವೂ ಇರಲಿಲ್ಲ!

ಒಂದು ಕಡೆ ಹುಷಾರಾಗಿರಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಪ್ಯಾನ್ (ಆಧಾರಗಳ ನಡುವಿನ ಅಂತರ) ಇರುವ ಸ್ಲ್ಯಾಬಿನ ಆಸರೆಗಳನ್ನು ಕನಿಷ್ಠ 7 ದಿನ ತೆಗೆಯುವಂತಿಲ್ಲ. ಸುಮ್ನೆ 7 ದಿನ ಲ್ಯಾಗ್ (ಎರಡು ಕೆಲಸಗಳ ನಡುವೆ ಕಾಯುವ ಸಮಯ) ಕೊಟ್ಟರೆ ಸಾಫ್ಟ್‌ವೇರ್ ಭಾನುವಾರದ ರಜೆ ಬಿಟ್ಟು ಎಣಿಸುತ್ತದೆ. ಕಾಂಕ್ರೀಟ್ ಭಾನುವಾರವೂ ಗಟ್ಟಿಯಾಗುತ್ತದೆ ಅಲ್ವಾ? ಎಲ್ಯಾಪ್ಸ್ಡ್ ಡೇಸ್ (ರಜೆಯನ್ನೂ ಸೇರಿಸಿ ಎಣಿಸುವ ದಿನಗಳು) ಅಂತ ಹಾಕಿ. ಪ್ರತಿ ಮಹಡಿಗೂ ಒಂದೊಂದು ದಿನ ಉಳಿಯುತ್ತದೆ.

ಇಷ್ಟಾದರೂ ನನ್ನ ವೋಟು ಬೋರ್ಡಿಗೇ. ಅದರ ಹಿಂದಿರುವುದು, ನಿರ್ಮಾಣ ನಿರ್ವಹಣೆಯ ತಜ್ಞರಾದ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ರೂಪಿಸಿದ ಲಾಸ್ಟ್ ಪ್ಲಾನರ್ ಪದ್ಧತಿ. ಮುಂದಿನ ವಾರ ಏನು ಮುಗಿಸುತ್ತೇವೆ ಅಂತ ಕೆಲಸ ಮಾಡುವವರೇ ಹೇಳಿ ಚೀಟಿ ಅಂಟಿಸಬೇಕು. ಕಂಬಿ ಬಗ್ಗಿಸಿ ಕಟ್ಟುವ ನಮ್ಮ ಬಾರ್ ಬೆಂಡಿಂಗ್ ಗ್ಯಾಂಗ್ ಯಾದಗಿರಿ ಕಡೆಯದು. ಶನಿವಾರದ ಮೀಟಿಂಗಿನಲ್ಲಿ ಗ್ಯಾಂಗಿನ ಮುಖಂಡ ಮುಕಾದಮ, "ಪಂಚಮಿಗೆ ಊರಿಗೆ ಹೋಗೋರದೀವ್ರಿ ಸಾಹೇಬ್ರ, ಸ್ಲ್ಯಾಬ್ ಮೊದ್ಲ ಹಾಕಿಸ್ರಿ" ಅಂದ. ಸಾಫ್ಟ್‌ವೇರ್ ಕ್ಯಾಲೆಂಡರಿನಲ್ಲಿ ಗಣಪತಿ ವಿಸರ್ಜನೆ ಇತ್ತು, ನಾಗರ ಪಂಚಮಿ ಇರಲಿಲ್ಲ. ಇಂಥದ್ದು ಬಾಯಿಂದಲೇ ಬರಬೇಕು.

ವಾರದ ಕೊನೆಗೆ, ಒಪ್ಪಿಕೊಂಡದ್ದರಲ್ಲಿ ಎಷ್ಟು ಮುಗಿಯಿತು, ಮುಗಿಯದ್ದು ಯಾಕೆ ಅಂತ ಬರೆಯುತ್ತೇವೆ. ಈ 'ಯಾಕೆ' ಕಾಲಂ ಬಲು ಉಪಯೋಗಿ. ಗ್ಯಾಂಗಿನವರೇ ಸೋಮಾರಿಗಳು ಅಂತ ಆಫೀಸಿನಲ್ಲಿ ಮಾತಿತ್ತು. ಕಾಲಂ ನೋಡಿದರೆ ಜಾಸ್ತಿ ಸಲ ಇದ್ದದ್ದು, ಡ್ರಾಯಿಂಗ್ ಬಂದಿಲ್ಲ!

ಆದರೆ ಬೋರ್ಡಿಗೆ ಕೆಲವು ವಾರಗಳಾಚೆ ಏನೂ ಕಾಣುವುದಿಲ್ಲ. ಲಿಫ್ಟಿನಂಥದ್ದನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಲು ಎಂಎಸ್ ಪ್ರಾಜೆಕ್ಟ್ ಬೇಕೇ ಬೇಕು. ಎರಡು-ಮೂರು ಮಹಡಿಯ ಮನೆಯಾದರೆ ಬೋರ್ಡೇ ಸಾಕು, ಸಾಫ್ಟ್‌ವೇರ್ ದುಡ್ಡು ಉಳಿಸಿ. ಪುಣೆಯ ಮಳೆಗಾಲದಲ್ಲಿ ಮಾತ್ರ ಅಂಟು ಚೀಟಿ ನಿಲ್ಲುವುದಿಲ್ಲ, ಪಿನ್ನು ತರಿಸಿಡಿ.